ಎಷ್ಟು ದೂರ, ಎಷ್ಟು ಹೊತ್ತು

ಹೊಳಲ್ಕೆರೆ, ಹೊಸದುರ್ಗದ ಕಡೆಯ ಹಳ್ಳಿಗಳಲ್ಲಿ ದಾರಿ ಕೇಳಿದವರಿಗೆ ಮೈಲಿಯ ಲೆಕ್ಕದಲ್ಲಿ ಉತ್ತರ ಸಿಕ್ಕುವುದು ಅಪರೂಪ. “ಇಲ್ಲೇ, ಒಂದು ಸಲ ಎಲೆಯಡಿಕೆ ಹಾಕ್ಕೊಳ್ಳೋದ್ರೊಳಗೆ ಹೋಗ್ಬಿಡ್ತೀರಿ” ಎನ್ನುತ್ತಾರೆ. ಊರು ಇನ್ನಷ್ಟು ದೂರವಿದ್ದರೆ “ಹೊತ್ತು ಮುಳುಗೋದ್ರೊಳಗೆ ಸೇರ್ಕೋಬಹುದು” ಎನ್ನುತ್ತಾರೆ. ಪಟ್ಟಣದಿಂದ ಹೋದ ನಮಗೆ ಇದು ನಗೆ ತರಿಸುವುದುಂಟು. ಕೇಳಿದ್ದು ದೂರ, ಹೇಳಿದ್ದು ಹೊತ್ತು! ಆದರೆ ಉತ್ತರ ಕೊಟ್ಟಾತ ತಪ್ಪಿಲ್ಲ. ನಡೆದು ಹೋಗುವವನಿಗೆ ಬೇಕಾದದ್ದು ಹೊತ್ತೇ ಹೊರತು ಮೈಲಿಯಲ್ಲ. ಮೈಲಿ ಬೇಕಾಗುವುದು ನಕ್ಷೆ ಬರೆಯುವವನಿಗೆ, ಕಂದಾಯ ಎತ್ತುವವನಿಗೆ, ಟಿಕೆಟ್ಟು ಮಾರುವವನಿಗೆ. ನಮ್ಮ ಭಾಷೆಯಲ್ಲಿ ಹರದಾರಿ ಉಂಟು, ಸುಮಾರು ಮೂರು ಮೈಲಿ. ನಾಲ್ಕು ಹರದಾರಿಗೆ ಒಂದು ಗಾವುದ ಎಂಬ ಲೆಕ್ಕವೂ ಉಂಟು. ಇವೆರಡಕ್ಕಿಂತ ಹಳ್ಳಿಗರಿಗೆ ಹತ್ತಿರವಾದದ್ದು ಕೂಗಳತೆ. ಕೂಗಿದರೆ ಕೇಳಿಸುವಷ್ಟು ದೂರ ಎಂಬುದು ಎಷ್ಟು ಗಜವೆಂದು ಯಾರೂ ಅಳೆಯಲು ಹೋಗಲಿಲ್ಲ. ಆಪತ್ತಿಗೆ ಜನ ಓಡಿಬಂದಾರೋ ಇಲ್ಲವೋ ಎಂಬುದನ್ನು ತಿಳಿಯಲು ಅಷ್ಟು ಸಾಕಾಗಿತ್ತು.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು 2018ರ ಡಿಸೆಂಬರಿನಲ್ಲಿ. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಸೋಮವಾರ ಮುಂಜಾನೆ ತೀರಿಕೊಂಡರು. ಮಗ ಸ್ಯಾನ್ ಫ್ರಾನ್ಸಿಸ್ಕೊ ಬಳಿ ನೌಕರಿಯಲ್ಲಿದ್ದ. ಸುದ್ದಿ ತಿಳಿದು ನಾನು ಹೋದಾಗ ಅವನ ಚಿಕ್ಕಪ್ಪ ಜಗಲಿಯ ಮೇಲೆ ಕುಳಿತು ಫೋನಿನಲ್ಲಿ ಮಾತನಾಡುತ್ತಿದ್ದರು. ಆ ಕಡೆಯಿಂದ ಹುಡುಗ ಇಲ್ಲಿ ಇನ್ನೂ ಭಾನುವಾರ, ರಾತ್ರಿ ವಿಮಾನ, ನಡುವೆ ಒಂದೆಡೆ ಇಳಿದು ಮತ್ತೆ ಹತ್ತಬೇಕು ಎಂದೆಲ್ಲ ಹೇಳುತ್ತಿದ್ದನೆಂದು ಕಾಣುತ್ತದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಕೇಳಿ, “ಅದೆಲ್ಲಾ ಇರ್ಲಿ ಕಣಪ್ಪ, ಇಲ್ಲಿಗೆ ಯಾವಾಗ ಬರ್ತೀಯ ಅದನ್ನ ಹೇಳು” ಎಂದರು. ಮಣ್ಣು ಮಾಡುವುದು ಇವತ್ತೋ ನಾಳೆಯೋ ಎಂಬುದು ಆ ಒಂದು ಉತ್ತರದ ಮೇಲೆ ನಿಂತಿತ್ತು.

ದೂರ ಹೋದವನು ಯಾವಾಗ ಬರುತ್ತಾನೆ, ದೂರದ ಮಾತು ಇಲ್ಲಿಗೆ ಎಷ್ಟು ದಿನಕ್ಕೆ ಮುಟ್ಟುತ್ತದೆ ಎಂಬ ಪ್ರಶ್ನೆ ಚಿತ್ರದುರ್ಗದ ಸೀಮೆಗೆ ಹೊಸದಲ್ಲ. ಈ ಜಿಲ್ಲೆಯಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹದಲ್ಲಿಯೇ ಪ್ರಯಾಣದ ಲೆಕ್ಕವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದರು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮವನ್ನು ಕೇಳಿ ಚಕ್ರವರ್ತಿಯ ಮಾತನ್ನು ತಿಳಿಸುವ ಬರಹ ಅದು. ರಾಜಾಜ್ಞೆಯಾದರೂ ಕ್ಷೇಮಸಮಾಚಾರದಿಂದ ಮೊದಲಾಗುತ್ತದೆ. ದೂರದಿಂದ ಬಂದ ಓಲೆಗೆ ಅದೇ ಮರ್ಯಾದೆ.

ಆ ಶಾಸನದಲ್ಲಿ 256 ಎಂಬ ಸಂಖ್ಯೆಯೊಂದು ಬರುತ್ತದೆ. ಇದರ ಅರ್ಥವೇನೆಂದು ಪಂಡಿತರು ಬಹಳ ಕಾಲ ಜಗಳವಾಡಿದರು. ಬುದ್ಧನ ನಿರ್ವಾಣದಿಂದ ಸಂದ ವರ್ಷಗಳಿರಬೇಕೆಂದು ಮೊದಲಲ್ಲಿ ಕೆಲವರು ಊಹಿಸಿದರು. ಅರಮನೆ ಬಿಟ್ಟು ಹೊರಗೆ ಕಳೆದ 256 ರಾತ್ರಿಗಳು ಎಂದು ಆಮೇಲೆ ಹಲವರು ಅರ್ಥಮಾಡಿದರು. ನನಗೂ ಈ ಎರಡನೆಯ ಅರ್ಥವೇ ಮನಸ್ಸಿಗೆ ಹಿಡಿಸಿದೆ. ಪಯಣವನ್ನು ಯೋಜನಗಳಲ್ಲಿ ಎಣಿಸದೆ ರಾತ್ರಿಗಳಲ್ಲಿ ಎಣಿಸಿದ್ದಾರೆ. ಹೊರನಾಡಿನಲ್ಲಿ ತಂಗಿದ ರಾತ್ರಿಯೇ ದಾರಿಯ ಅಳತೆ. ಎಲೆಯಡಿಕೆಯ ಲೆಕ್ಕ ಹೇಳುವ ನಮ್ಮ ಹಳ್ಳಿಗನೂ ಮೌರ್ಯರ ಕಾರಕೂನನೂ ಈ ವಿಷಯದಲ್ಲಿ ಒಂದೇ ಮತದವರು.

ಆ ಕಾರಕೂನನ ಹೆಸರೂ ನಮಗೆ ಗೊತ್ತು. ಚಪಡನೆಂಬ ಲಿಪಿಕಾರ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ಕೊನೆಯಲ್ಲಿ ತನ್ನ ಹೆಸರಿನ ಜೊತೆಯ ‘ಲಿಪಿಕರೇಣ’ ಎಂಬ ಒಂದು ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದನು. ಖರೋಷ್ಠಿ ವಾಯವ್ಯದ ಗಾಂಧಾರ ಸೀಮೆಯ ಲಿಪಿ, ಬಲದಿಂದ ಎಡಕ್ಕೆ ಸಾಗುವಂಥದು. ಪೆಷಾವರದ ಕಡೆಯಿಂದ ಬ್ರಹ್ಮಗಿರಿಗೆ ನೇರ ಗೆರೆ ಎಳೆದರೂ ಎರಡು ಸಾವಿರ ಕಿಲೋಮೀಟರಿಗೆ ಮೇಲಾಗುತ್ತದೆ. ಆತ ಅಲ್ಲಿಯವನೇ ಇರಬಹುದು, ಅಲ್ಲಿ ಅಕ್ಷರ ಕಲಿತವನಿರಬಹುದು. ಹೇಗೂ ಇರಲಿ, ಈ ಕಲ್ಲುಗುಡ್ಡಗಳ ನಡುವೆ ಕುಳಿತು, ಇಲ್ಲಿ ಯಾರಿಗೂ ಓದಲು ಬಾರದ ಲಿಪಿಯಲ್ಲಿ ತನ್ನ ಕಸುಬಿನ ಹೆಸರು ಬರೆದಾಗ ಅವನ ಮನಸ್ಸು ಎಲ್ಲಿತ್ತೆಂದು ಹೇಳಲು ಶಾಸನತಜ್ಞರು ಬೇಕಾಗಿಲ್ಲ.

ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅವು ಯಾವ ಕೈಯಿಂದ ಯಾವ ಕೈಗೆ ದಾಟಿ ಬಂದವೋ! ಆದರೆ ಆ ಕಾಲದ ಹಡಗಿನ ದಾರಿಗೆ ಪ್ಲಿನಿ ಎಂಬ ರೋಮನ್ ಗ್ರಂಥಕರ್ತ ಕೊಟ್ಟಿರುವ ಲೆಕ್ಕವೂ ದಿನಗಳದೇ. ಕೆಂಪು ಸಮುದ್ರದ ಬಾಯಿಂದ ಮಳೆಗಾಲದ ಗಾಳಿ ಹಿಡಿದು ಹೊರಟರೆ ನಲವತ್ತು ದಿನಕ್ಕೆ ಮುಸಿರಿಸ್. ಗಾಳಿ ತಪ್ಪಿದರೆ ಮುಂದಿನ ವರ್ಷ.

ಇನ್ನು ದುರ್ಗದ ಕೋಟೆಯ ಮಾತು. ಇದನ್ನು ಕಟ್ಟಿದವರು ದೂರವನ್ನೂ ಹೊತ್ತನ್ನೂ ಬೇರೆ ಬೇರೆ ಮಾಡುವ ವಿದ್ಯೆಯನ್ನು ಬಲ್ಲವರು. ಕೆಳಗಿನ ಬಾಗಿಲಿನಲ್ಲಿ ನಿಂತರೆ ಮೇಲಿನ ಬತೇರಿ ಕಣ್ಣೆದುರಿಗೇ ಇದೆ. ಬಂಡೆ ಹತ್ತುವ ಕೋತಿಗೆ ಅದು ಕ್ಷಣದ ಮಾತು. ಮನುಷ್ಯನಾದರೋ ಬಾಗಿಲು ದಾಟಿದೊಡನೆ ಗೋಡೆಗೆ ಮುಖ ಮಾಡಬೇಕು; ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಇನ್ನೊಂದು ಬಾಗಿಲಿಗೆ ಬರಬೇಕು. ಏಳು ಸುತ್ತಿನ ಕೋಟೆಯೆಂದರೆ ಇದೇ: ಬೆಟ್ಟ ಇದ್ದಷ್ಟೇ ಇದೆ, ಶತ್ರುವಿಗೆ ತಗಲುವ ಹೊತ್ತು ಮಾತ್ರ ಏಳು ಪಟ್ಟು. 1777ರಲ್ಲಿ ಮುತ್ತಿಗೆ ಹಾಕಿ, ತಿಂಗಳುಗಟ್ಟಲೆ ಕಾದು ಹಿಂದಿರುಗಿದ ಹೈದರಾಲಿ 1779ರಲ್ಲಿ ಮತ್ತೆ ಬಂದ ಮೇಲೆ ತಾನೆ ಮದಕರಿನಾಯಕನ ದುರ್ಗ ಅವನ ಕೈಸೇರಿದ್ದು!

ಅದೇ ಹೈದರನ ಬಳಿ ಹೊತ್ತನ್ನು ಕುಗ್ಗಿಸುವ ಸಾಧನವೊಂದಿತ್ತು: ಎತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೇ ಬೆಳೆದು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಚಿತ್ರದುರ್ಗ ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಇಂದಿಗೂ ಹಲವಕ್ಕೆ ಅಮೃತಮಹಲ್ ಕಾವಲು ಎಂದೇ ಹೆಸರು. ಈ ತಳಿಯ ಎತ್ತುಗಳು ನೋಡಲು ದಪ್ಪವಲ್ಲ. ಬಿಗಿಯಾದ ಮೈ, ಹಿಂದಕ್ಕೆ ಚಾಚಿದ ಚೂಪು ಕೊಂಬು, ಸಿಡುಕು ಸ್ವಭಾವ. 1781ರಲ್ಲಿ ಚಿದಂಬರದ ಕೋಟೆಯ ನೆರವಿಗಾಗಿ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದುಹೋದದ್ದು ಇವುಗಳ ಬಲದಿಂದ. ಅಂದರೆ ಫಿರಂಗಿಯನ್ನೆಳೆಯುತ್ತ ದಿನಕ್ಕೆ ನಲವತ್ತು ಮೈಲಿ. ಇಂಗ್ಲಿಷ್ ಸೇನಾನಿಗಳು ಟಿಪ್ಪುವನ್ನು ಸೋಲಿಸಿದ ಮೇಲೆ ಈ ದನಗಳನ್ನು ಎಷ್ಟು ಅಕ್ಕರೆಯಿಂದ ವಶಪಡಿಸಿಕೊಂಡರೆಂಬುದನ್ನು ನೋಡಿದರೆ ಅವುಗಳ ಬೆಲೆ ತಿಳಿಯುತ್ತದೆ.

ಟಿಪ್ಪು ಇನ್ನೊಂದು ಹೆಜ್ಜೆ ಮುಂದೆ ಹೋದ. ದೂರದ ಅಳತೆಯನ್ನೇ ಹೊಸದಾಗಿ ಗೊತ್ತುಮಾಡಿದ. ಅವನ ಹರದಾರಿ ಎರಡೂಮುಕ್ಕಾಲು ಮೈಲಿ. ಟಪಾಲಿನ ಹರಕಾರ ಅಷ್ಟು ದಾರಿಯನ್ನು ಮೂವತ್ತಮೂರೂಮುಕ್ಕಾಲು ನಿಮಿಷದಲ್ಲಿ ಕ್ರಮಿಸಬೇಕು, ತಪ್ಪಿದರೆ ಚಾವಟಿ ಎಂದು ವಿಧಿಸಿದ್ದನಂತೆ. ಇದನ್ನು ಬರೆದವನು ಟಿಪ್ಪುವನ್ನು ಕಂಡರಾಗದ ವಿಲ್ಕ್ಸ್ ಎಂಬುದನ್ನು ನೆನಪಿಟ್ಟುಕೊಂಡು ಓದಬೇಕು. ಆದರೂ ದೂರಕ್ಕೂ ಹೊತ್ತಿಗೂ ಗಂಟುಹಾಕಿ ಸರ್ಕಾರಿ ಕಟ್ಟಳೆ ಮಾಡಿದ್ದು ನಮ್ಮ ನಾಡಿನಲ್ಲಿ ಕುತೂಹಲದ ಸಂಗತಿ. ಆ ವೇಗದಲ್ಲಿ ಒಬ್ಬರಿಂದೊಬ್ಬರಿಗೆ ಓಲೆ ದಾಟಿಸುತ್ತ, ಎಲ್ಲಿಯೂ ನಿಲ್ಲದೆ ಓಡಿದರೆ ಬೆಂಗಳೂರಿನಿಂದ ಚಿತ್ರದುರ್ಗದ ಇನ್ನೂರು ಕಿಲೋಮೀಟರಿಗೆ ಸುಮಾರು ಇಪ್ಪತ್ತೈದೂವರೆ ಗಂಟೆ ಹಿಡಿಯುತ್ತದೆ. ಓದುಗರು ಈ ಅಂಕಿಯನ್ನು ಸ್ವಲ್ಪ ನೆನಪಿನಲ್ಲಿಡಬೇಕು.

ಶ್ರೀರಂಗಪಟ್ಟಣ ಬಿದ್ದಮೇಲೆ ಅಳೆಯುವವರ ಕಾಲ ಬಂತು. ಡಾಕ್ಟರ್ ಫ್ರಾನ್ಸಿಸ್ ಬುಕಾನನ್ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು, ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ, 1801ರಲ್ಲಿ ಹರಿಹರ, ಚಿತ್ರದುರ್ಗ, ಹಿರಿಯೂರುಗಳ ಸೀಮೆಯನ್ನು ಹಾದುಹೋದ. ಅವನ ದಿನಚರಿಯಲ್ಲಿ ಇಂಥ ದಿನ ಇಷ್ಟು ‘ಸುಲ್ತಾನಿ’ ಹರದಾರಿ ನಡೆದೆ ಎಂಬ ಬರಹ ಮತ್ತೆ ಮತ್ತೆ ಬರುತ್ತದೆ. ಸುಲ್ತಾನ ಹೋದರೂ ಅವನ ಅಳತೆ ಇನ್ನೂ ದಾರಿಯಲ್ಲಿ ಉಳಿದಿತ್ತು. ಸರಿಯಾಗಿ ಅದೇ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿದು ಏಳು ಮೈಲಿಗೂ ಮಿಕ್ಕ ಒಂದು ನೇರ ಗೆರೆಯನ್ನು ಅಳೆದನು. 1802ರಲ್ಲಿ ಮದರಾಸಿನ ಪರಂಗಿಮಲೆಯಲ್ಲಿ ಇನ್ನೊಂದು ಗೆರೆ ಅಳೆದು, ಅಲ್ಲಿಂದ ಬೆಟ್ಟಕ್ಕೆ ಬೆಟ್ಟ ಸೇರಿಸಿ ತ್ರಿಕೋನಗಳನ್ನು ಹೆಣೆಯುತ್ತ ಮಂಗಳೂರಿನ ತೀರ ಮುಟ್ಟಿದನು. ಮದರಾಸಿನಿಂದ ಮಂಗಳೂರಿಗೆ ನಾನೂರು ಮೈಲಿ ಎಂದು ಹಳೆಯ ನಕ್ಷೆ ಹೇಳುತ್ತಿತ್ತು. ಲ್ಯಾಂಬ್ಟನ್ನನ ಲೆಕ್ಕಕ್ಕೆ ಬಂದದ್ದು ಮುನ್ನೂರ ಅರುವತ್ತೇ. ದಕ್ಷಿಣ ದೇಶ ಒಮ್ಮೆಗೇ ನಲವತ್ತು ಮೈಲಿ ಕಿರಿದಾಯಿತು! ಆದರೆ ಆ ದಾರಿಯಲ್ಲಿ ಮೂಟೆ ಹೊತ್ತು ನಡೆಯುತ್ತಿದ್ದವನಿಗೆ ಒಂದು ಹೆಜ್ಜೆಯೂ ಉಳಿಯಲಿಲ್ಲ.

ಲ್ಯಾಂಬ್ಟನ್ನನಿಗೆ ನಾಡಿನ ನಕ್ಷೆಗಿಂತ ಭೂಮಿಯ ಡೊಂಕಿನ ಮೇಲೆ ಕಣ್ಣಿತ್ತು. ಗುಂಡಾದ ಭೂಮಿಯ ಮೇಲೆ ಎರಡು ಊರುಗಳ ನಡುವಿನ ನಿಜವಾದ ದೂರವೆಷ್ಟೆಂಬುದು ಅವನ ಪ್ರಶ್ನೆ. ಆಗ ಅದು ಪಂಡಿತರ ಪ್ರಶ್ನೆಯಾಗಿತ್ತು. ನಮ್ಮ ಹಳ್ಳಿಯ ಹುಡುಗರಿಗೆ ಅದು ಬೇಕಾಗಲು ಇನ್ನೂರು ವರ್ಷ ಹಿಡಿಯಿತು.

ನಡುವೆ ರೈಲು ಬಂತು. 1889ರಲ್ಲಿ ಬೆಂಗಳೂರು–ಹರಿಹರ ಮಾರ್ಗ ಪೂರೈಸಿದಾಗ ಅದು ಚಿತ್ರದುರ್ಗವನ್ನು ಮುಟ್ಟದೆ, ಹಿರಿಯೂರನ್ನು ಮೂಸಿಯೂ ನೋಡದೆ, ಪಶ್ಚಿಮಕ್ಕೆ ಸರಿದು ಹೋಯಿತು. ಹೊಸದುರ್ಗಕ್ಕೆ ದೊರೆತದ್ದು ಹೊಸದುರ್ಗ ರೋಡ್. ಸ್ಟೇಷನ್ನಿನ ಹೆಸರಿಗೆ ‘ರೋಡ್’ ಎಂಬ ಬಾಲವಿದ್ದರೆ ಊರು ಮೈಲಿಗಟ್ಟಲೆ ದೂರವಿದೆಯೆಂದೂ, ಬಂಡಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕೆಂದೂ ತಿಳಿಯತಕ್ಕದ್ದು. ಆಮೇಲೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಚಿಕ್ಕಜಾಜೂರಿನಿಂದ ದುರ್ಗಕ್ಕೆ ಕವಲು ಹಾಕಿದರು. ಚಿತ್ರದುರ್ಗದಿಂದ ರೈಲಿನಲ್ಲಿ ಆಗ್ನೇಯದ ಬೆಂಗಳೂರಿಗೆ ಹೊರಟವನು ಮೊದಲು ಪಶ್ಚಿಮಕ್ಕೆ ಹೋಗಿ, ಆಮೇಲೆ ದಕ್ಷಿಣಕ್ಕೆ ತಿರುಗಬೇಕು. ಇತ್ತ ಹಿರಿಯೂರಿನ ಮೇಲೆ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬಸ್ಸು ಸೀದಾ ಓಡುತ್ತದೆ. ಹೀಗಾಗಿ ಹಿರಿಯೂರಿನವರು ರೈಲನ್ನು ನೆಚ್ಚಿಕೊಳ್ಳಲೇ ಇಲ್ಲ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗಕ್ಕೆ ಮಂಜೂರಾತಿ ದೊರೆತು ದಶಕ ಕಳೆದಿದೆ. ಅದು ಮುಗಿಯುವ ಹೊತ್ತಿನ ಬಗ್ಗೆ ಮೌರ್ಯರ ರೀತಿಯಲ್ಲಿ ರಾತ್ರಿಗಳನ್ನು ಎಣಿಸುವುದೇ ಮೇಲು.

ರೈಲಿನ ಸುತ್ತುದಾರಿ ಎಲ್ಲರಿಗೂ ಅರ್ಥವಾಗುತ್ತದೆ. ವಿಮಾನದ ನೇರದಾರಿ ಅರ್ಥವಾಗುವುದು ಕಷ್ಟ. ಗೋಡೆಯ ಮೇಲಿನ ಜಗತ್ತಿನ ನಕ್ಷೆಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಅಳತೆಗೋಲಿಟ್ಟು ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರದ ನಡುವೆ ಹಾಯುತ್ತದೆ; ಆ ಗೆರೆಯನ್ನೇ ಹಿಡಿದು ಹಾರಿದರೆ 16,000 ಕಿಲೋಮೀಟರಿಗೆ ಮೇಲಾಗುತ್ತದೆ. ನಾನು ಭೂಗೋಳದ ಅಧ್ಯಾಪಕನಲ್ಲ. ಆದ್ದರಿಂದ ಮನೆಯಲ್ಲಿದ್ದ ಸಿಹಿಗುಂಬಳವೊಂದನ್ನು ಇಟ್ಟುಕೊಂಡು ಮಕ್ಕಳೆದುರಿಗೆ ಪರೀಕ್ಷಿಸಿದೆ. ಕಾಯಿಯ ತೊಟ್ಟನ್ನು ಉತ್ತರ ಧ್ರುವವೆಂದುಕೊಂಡು, ತೊಟ್ಟಿನ ಈಚೆಗೊಂದು ಆಚೆಗೊಂದು ಚುಕ್ಕೆಯಿಟ್ಟು, ದಾರ ಹಿಡಿದು ಬಿಗಿಯಾಗಿ ಎಳೆದರೆ ದಾರ ಹೊಟ್ಟೆಯ ಸುತ್ತ ಹೋಗದೆ ತಾನಾಗಿಯೇ ತೊಟ್ಟಿನ ಕಡೆಗೆ ಸರಿಯುತ್ತದೆ. ಬೆಂಗಳೂರಿನ ರೇಖಾಂಶಕ್ಕೂ ಆ ಊರಿನ ರೇಖಾಂಶಕ್ಕೂ ಸುಮಾರು 160 ಡಿಗ್ರಿಗಳ ಅಂತರ. ಎರಡೂ ಭೂಮಿಯ ಹೆಚ್ಚುಕಡಮೆ ಎದುರುಬದುರಿನ ಮಗ್ಗುಲುಗಳು. ಹಾಗಾಗಿ ಅತಿ ಹತ್ತಿರದ ದಾರಿ ಉತ್ತರಕ್ಕೇರಿ, 71 ಡಿಗ್ರಿ ಅಕ್ಷಾಂಶದ ಹತ್ತಿರ ಹಿಮದ ನಾಡನ್ನು ಮುಟ್ಟಿ ಇಳಿಯುತ್ತದೆ. ಆ ದಾರಿಯ ಉದ್ದ 13,993 ಕಿಲೋಮೀಟರು, ಭೂಮಿಯ ಸುತ್ತಳತೆಯ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು.

ಈ ಎರಡು ಊರುಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರಂದು, ಶನಿವಾರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವರೆ, ಶಿವಾನಿ ಮನ್ಹಾಸ್. ನಾಲ್ವರೂ ಹೆಂಗಸರು. ಉತ್ತರ ಧ್ರುವದ ಮೇಲಿನ ದಾರಿ ಹಿಡಿದು, ಹದಿನೇಳು ಗಂಟೆಗೂ ಹೆಚ್ಚು ಕಾಲ ಎಲ್ಲಿಯೂ ಇಳಿಯದೆ, ಸೋಮವಾರ ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣಕ್ಕೆ ಬಂದರು. ಇಲ್ಲಿ ಒಂದು ಸಣ್ಣ ಸೂಕ್ಷ್ಮವಿದೆ. ಅತಿ ಹತ್ತಿರದ ಗೆರೆ ಧ್ರುವವನ್ನು ಮುಟ್ಟುವುದಿಲ್ಲ ಎಂದೆನಷ್ಟೆ. ಆದರೆ ಆಕಾಶದಲ್ಲಿಯೂ ಗಾಳಿಯುಂಟು. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯ ಹೊಳೆಯನ್ನು ಎದುರಿಸಿ ಈಜುವುದಕ್ಕಿಂತ ಸುತ್ತಿ ಹೋಗುವುದೇ ಕೆಲವೊಮ್ಮೆ ಬೇಗ. ಪ್ಲಿನಿಯ ಕಾಲದ ನಾವಿಕನೂ ಇಂದಿನ ವಿಮಾನಿಯೂ ಹೊರಡುವ ಮುನ್ನ ವಿಚಾರಿಸುವುದು ಗಾಳಿಯನ್ನೇ.

ಹಿಂದೆ ನೆನಪಿಡಲು ಹೇಳಿದ ಅಂಕಿ ಇಲ್ಲಿ ಬೇಕು. ಟಿಪ್ಪುವಿನ ಹರಕಾರ ಬೆಂಗಳೂರಿನಿಂದ ದುರ್ಗ ಮುಟ್ಟುವುದಕ್ಕೆ ಮುಂಚೆಯೇ ಈ ವಿಮಾನ ಅಮೆರಿಕದಿಂದ ಬೆಂಗಳೂರು ಮುಟ್ಟಿ, ಪ್ರಯಾಣಿಕರು ಎರಡು ಊಟ ಮುಗಿಸಿರುತ್ತಾರೆ. ಹೈದರನ ಎತ್ತುಗಳ ವೇಗದಲ್ಲಿ ಅಷ್ಟೇ ದಾರಿ ನಡೆದರೆ ಸುಮಾರು 217 ದಿನ; ಎತ್ತುಗಳು ಬೇರಿಂಗ್ ಜಲಸಂಧಿಯನ್ನು ಹೇಗೆ ದಾಟಬೇಕೆಂಬುದು ಬೇರೆ ಪ್ರಶ್ನೆ. ಬ್ರಹ್ಮಗಿರಿಯ 256 ರಾತ್ರಿಗಳಿಂದ ಇದೇನೂ ಬಹು ದೂರವಿಲ್ಲ.

ಎತ್ತಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಆ ದನಗಳು ಮೇಯುತ್ತಿದ್ದ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಈಗ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರವಿದೆ. 2017ರ ಮೇ 28ರಂದು ಆರಂಭವಾಯಿತು. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯುಳ್ಳ ಒಂದು ವಾಹನವನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟರು. ಆಕಾಶದಿಂದ ಮರಳುವ ನೌಕೆಯಂತೆ ಅದು ತಾನೇ ದಾರಿ ಹುಡುಕಿಕೊಂಡು ಆ ಓಡುದಾರಿಯ ಮೇಲೆ ಇಳಿಯಿತು. ಆಕಾಶನೌಕೆ ಇಳಿಯಬಲ್ಲ ಈ ಜಿಲ್ಲೆಯಲ್ಲಿ ಜನ ಹತ್ತಿಳಿಯುವ ವಿಮಾನ ನಿಲ್ದಾಣವಿಲ್ಲ. 2023ರಲ್ಲಿ ಶಿವಮೊಗ್ಗಕ್ಕೆ ವಿಮಾನ ಬಂದಾಗ ಹೊಳಲ್ಕೆರೆಯವರಿಗೆ ಅಷ್ಟರಮಟ್ಟಿಗೆ ಹತ್ತಿರವಾಯಿತು. ಕಾವಲನ್ನು ಕಳೆದುಕೊಂಡ ಕುರಿಗಾಹಿಗಳಿಗೆ ಮಾತ್ರ ಮೇವಿನ ದೂರ ಹೆಚ್ಚಾಯಿತು. ಅವರ ಹೋರಾಟದ ಕಥೆ ಪ್ರತ್ಯೇಕ ಲೇಖನಕ್ಕೆ ತಕ್ಕದ್ದು.

ನನ್ನ ವಿದ್ಯಾರ್ಥಿಯ ಕಾಲಕ್ಕೆ ನೇರ ವಿಮಾನವಿರಲಿಲ್ಲವಲ್ಲ. ಭಾನುವಾರ ರಾತ್ರಿ ಅಲ್ಲಿಂದ ಹೊರಟವನು, ನಡುವೆ ಇಳಿದು ಹತ್ತಿ, ಮಂಗಳವಾರ ಹನ್ನೊಂದರ ಹೊತ್ತಿಗೆ ದೇವನಹಳ್ಳಿಯಲ್ಲಿ ಇಳಿದ. “ನಾಳೆ ಸಂಜೆ ಐದಕ್ಕೆ ಬರ್ತೀನಿ ಚಿಕ್ಕಪ್ಪ” ಎಂದು ಫೋನಿನಲ್ಲಿ ಹೇಳಿದ್ದ. ಅವರು ಅದನ್ನು ಕೂಡಿದ ಜನಕ್ಕೆಲ್ಲ ಹೇಳಿ, ತೋಟದಲ್ಲಿ ಗುಂಡಿ ತೆಗೆಸಿ, ಕಾದರು. ಇಪ್ಪತ್ತನಾಲ್ಕು ಗಂಟೆ ಆಕಾಶದಲ್ಲಿ ಹೇಗೋ ಕಳೆಯಿತು ಸಾರ್ ಎಂದು ಅವನು ಆಮೇಲೆ ನನ್ನೊಡನೆ ಹೇಳಿದ. ಹೆದ್ದಾರಿಯಲ್ಲಿ ಹಿರಿಯೂರಿನವರೆಗೂ ತೊಂದರೆಯಾಗಲಿಲ್ಲ. ಅಲ್ಲಿಂದ ವಾಣಿವಿಲಾಸ ಸಾಗರದ ಕಡೆ ತಿರುಗಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ತೆಂಗಿನಕಾಯಿ ತುಂಬಿದ ಲಾರಿಯೊಂದು ಅಚ್ಚು ಮುರಿದು ರಸ್ತೆಗೆ ಅಡ್ಡ ನಿಂತಿತ್ತು. ನಲವತ್ತು ನಿಮಿಷ. ಕಾರಿನಿಂದಿಳಿದು ಬಿಸಿಲಿನಲ್ಲಿ ನಿಂತು, ಊರು ಇನ್ನೆಷ್ಟು ದೂರವೆಂದು ಗೊತ್ತಿದ್ದರೂ ಪಕ್ಕದಲ್ಲಿ ನಿಂತಿದ್ದವರೊಬ್ಬರನ್ನು ಕೇಳಿದನಂತೆ. ಅವರು ಸೂರ್ಯನ ಕಡೆ ನೋಡಿ, “ಹೊತ್ತು ಮುಳುಗೋದ್ರೊಳಗೆ ಸೇರ್ಕೋತೀಯ ಹೋಗಪ್ಪ” ಎಂದರಂತೆ.

ಅವನ ಕಾರು ಬೀದಿಯ ತಿರುವಿನಲ್ಲಿ ಕಂಡಾಗ ಐದೂಮುಕ್ಕಾಲು. ಚಿಕ್ಕಪ್ಪ ಅವನ ಕಾಲಿಗೆ ಒಂದು ಚೊಂಬು ನೀರು ಹಾಕಿ, ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, “ಸರಿ, ಏಳ್ರಪ್ಪ” ಎಂದರು. ಜಗಲಿಯ ಮೇಲೆ ಕುಳಿತಿದ್ದವರೆಲ್ಲ ಎದ್ದರು.